ಸತ್ತವನೇ ಆರೋಪಿಯಾಗಿದ್ದ ಕಡತ

ಮಣಿಪುರದಲ್ಲಿ 1979ರಿಂದ 2012ರವರೆಗೆ ಪೊಲೀಸರು ಮತ್ತು ಭದ್ರತಾ ಪಡೆಗಳು ನಡೆಸಿದ ಕಾರ್ಯಾಚರಣೆಗಳಲ್ಲಿ 1528 ಜನರನ್ನು ಕಾನೂನುಬಾಹಿರವಾಗಿ ಕೊಲ್ಲಲಾಗಿದೆ ಎಂದು ಆರೋಪಿಸಿ, ಹಾಗೆ ಸತ್ತವರ ಕುಟುಂಬಗಳ ಸಂಘವೂ ಇಂಫಾಲದ ಒಂದು ಮಾನವ ಹಕ್ಕು ಸಂಘಟನೆಯೂ ಸೇರಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದವು. ನ್ಯಾಯಮೂರ್ತಿ ಮದನ್ ಬಿ. ಲೋಕೂರ್ ಮತ್ತು ನ್ಯಾಯಮೂರ್ತಿ ಉದಯ್ ಉಮೇಶ್ ಲಲಿತ್ ಅವರ ಪೀಠ 2016ರ ಜುಲೈ 8ರಂದು ಅದರ ಮೇಲೆ ಕೊಟ್ಟ ತೀರ್ಪಿನಲ್ಲಿ, ಈ ಸಾವುಗಳ ಬಗ್ಗೆ ಇರುವ ಮಾಹಿತಿಯನ್ನೆಲ್ಲ ಒಟ್ಟುಗೂಡಿಸಿ ತರಬೇಕೆಂದು ಹೇಳಿತು. ತೀರ್ಪಿನ ಪುಟದಲ್ಲಿ ಅದು ಸರಳವಾಗಿ ಕಾಣುವ ಸೂಚನೆ. ಅದರ ಹಿಂದೆ ಎಷ್ಟು ಕೆಲಸ ಇರುತ್ತದೆ ಎಂಬುದು ನನಗೆ ತಿಳಿದದ್ದು, ಆ ವರ್ಷದ ಚಳಿಗಾಲದಲ್ಲಿ, ದಾಖಲೆ ಹುಡುಕಲು ಕುಟುಂಬಗಳಿಗೆ ನೆರವಾಗುತ್ತಿದ್ದ ಒಂದು ಚಿಕ್ಕ ಗುಂಪಿನ ಜೊತೆ ಇಂಫಾಲ ಕಣಿವೆಯಲ್ಲಿ ಓಡಾಡಿದಾಗ. ನಾನು ಆ ಅರ್ಜಿಯಲ್ಲಿ ವಕಾಲತ್ತು ಹಾಕಿದವನಲ್ಲ. ಧಾರವಾಡದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲ. ಠಾಣೆಯ ಕಾಗದ ಮತ್ತು ವೈದ್ಯರ ವರದಿ ಓದಲು ಬರುವವರು ಬೇಕಾಗಿದ್ದರು ಎಂಬ ಒಂದೇ ಕಾರಣಕ್ಕೆ ನನ್ನನ್ನು ಕರೆದಿದ್ದರು.

ಹೋಗುವ ಮುನ್ನ ನಾನು ಓದಿಕೊಂಡದ್ದು, 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗದ ವರದಿಯನ್ನು. ಅದರ ಅಧ್ಯಕ್ಷರು ನಮ್ಮವರೇ ಆದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ, ಇನ್ನಿಬ್ಬರು ಸದಸ್ಯರು, ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಮತ್ತು ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್. ಕರ್ನಾಟಕದವರಿಗೆ ಹೆಗ್ಡೆಯವರೆಂದರೆ ಲೋಕಾಯುಕ್ತ ಮತ್ತು ಗಣಿ ವರದಿ. ಮಣಿಪುರದ ಹಳ್ಳಿಗಳಲ್ಲಿ ಅವರ ಹೆಸರನ್ನು ಜನ ಬೇರೆಯೇ ಕಾರಣಕ್ಕೆ ನೆನೆಯುತ್ತಾರೆ. ಆಯೋಗಕ್ಕೆ ಮೊದಲಿಗೆ ಒಪ್ಪಿಸಿದ್ದು ಆರು ಪ್ರಕರಣಗಳನ್ನು, ಸತ್ತವರು ಏಳು ಜನ, ಅವರಲ್ಲಿ ಒಬ್ಬ 12 ವರ್ಷದ ಹುಡುಗ. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದು ಆಯೋಗ ಹೇಳಿತು. ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬ ಆಡಳಿತಗಾರರು, ಒಬ್ಬ ಪೊಲೀಸ್ ಅಧಿಕಾರಿ ಕೂಡಿ ಕುಳಿತು ಸಾಕ್ಷಿಗಳನ್ನು ಕೇಳಿ ಒಮ್ಮತದಿಂದ ಈ ಮಾತು ಹೇಳಿದ್ದು ನನ್ನ ಮಟ್ಟಿಗೆ ಬಹಳ ದೊಡ್ಡದು. ಗುಂಡಿನ ಕಾಳಗ ಹೇಗೆ ನಡೆಯುತ್ತದೆ ಎಂದು ತಿಳಿಯದವರ ತೀರ್ಮಾನ ಇದು ಎಂದು ಯಾರೂ ತಳ್ಳಿಹಾಕುವಂತಿಲ್ಲ.

ನಮ್ಮ ಗುಂಪಿಗೆ ಹಂಚಿಕೆಯಾಗಿದ್ದ ಕಡತಗಳಲ್ಲಿ ಒಂದರ ಕಥೆಯನ್ನಷ್ಟೇ ಇಲ್ಲಿ ಹೇಳುತ್ತೇನೆ. ಊರು, ಹೆಸರು, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಯುವಕ. ಮಧ್ಯಾಹ್ನ ಊಟ ಮುಗಿಸಿ ಮನೆಯಿಂದ ಹೊರಟವನ ಹೆಣದ ಚಿತ್ರವನ್ನು ಮನೆಯವರು ರಾತ್ರಿ ಸ್ಥಳೀಯ ಟೀವಿ ವಾರ್ತೆಯಲ್ಲಿ ನೋಡಿದರು.

ಮೊದಲು ಕೈಗೆ ಬಂದದ್ದು ಎಫ್‌ಐಆರ್. ಒಬ್ಬ ಮನುಷ್ಯ ಗುಂಡೇಟಿನಿಂದ ಸತ್ತಿದ್ದಾನೆ ಎಂದಾದರೆ ಕೊಲೆಯ ಕಲಂ ಇರುವ ಒಂದು ಕಾಗದ ಎಲ್ಲೋ ಇರಬೇಕು ಎಂಬುದು ನನ್ನಂಥ ಜಿಲ್ಲಾ ನ್ಯಾಯಾಲಯದ ವಕೀಲನ ಸಹಜ ನಿರೀಕ್ಷೆ. ಇದ್ದದ್ದು ಬೇರೆ. ಕೊಲೆಗೆ ಯತ್ನ ಎನ್ನುವ 307, ಶಸ್ತ್ರಾಸ್ತ್ರ ಕಾಯ್ದೆ, ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ 20ನೆಯ ಕಲಂ, ಮತ್ತು ಆರೋಪಿಯ ಅಂಕಣದಲ್ಲಿ ‘ಅಪರಿಚಿತ ಯುಜಿ’. ಭೂಗತ ಸಂಘಟನೆಯವರನ್ನು ಮಣಿಪುರದಲ್ಲಿ ಎಲ್ಲರೂ ಯುಜಿ ಎಂದೇ ಕರೆಯುತ್ತಾರೆ. ದೂರುದಾರ, ಕಾರ್ಯಾಚರಣೆಯಲ್ಲಿದ್ದ ಅಧಿಕಾರಿ. ಸತ್ತವನೇ ಗುಂಡು ಹಾರಿಸಿ ಕೊಲ್ಲಲು ಯತ್ನಿಸಿದ, ಆತ್ಮರಕ್ಷಣೆಗಾಗಿ ಪ್ರತಿಯಾಗಿ ಗುಂಡು ಹಾರಿಸಲಾಯಿತು, ಹೆಣದ ಬಳಿ ಒಂದು ಪಿಸ್ತೂಲು ಸಿಕ್ಕಿತು ಎಂದು ದೂರು ಹೇಳುತ್ತದೆ. ಆರೋಪಿ ಸತ್ತಿರುವುದರಿಂದ ಪ್ರಕರಣ ಮುಂದುವರಿಯುವುದಿಲ್ಲ; ಪ್ರಕರಣ ಮುಂದುವರಿಯದಿದ್ದರೆ ಅವನು ಹೇಗೆ ಸತ್ತ ಎಂಬ ತನಿಖೆಯೂ ಇಲ್ಲ. ಸುಪ್ರೀಂ ಕೋರ್ಟ್ ಕೂಡ ತನ್ನ ಮುಂದಿದ್ದ ಈ ಪ್ರಕರಣಗಳಲ್ಲಿ ಎಫ್‌ಐಆರ್‌ಗಳು ಸತ್ತವರ ವಿರುದ್ಧ ದಾಖಲಾಗಿರುವುದನ್ನೂ ಸಮವಸ್ತ್ರದಲ್ಲಿದ್ದವರ ವಿರುದ್ಧ ದಾಖಲಾಗದೇ ಇರುವುದನ್ನೂ ಗುರುತಿಸಿತು. ಬೇರೆ ಬೇರೆ ಠಾಣೆಗಳ, ಬೇರೆ ಬೇರೆ ವರ್ಷಗಳ ಎಫ್‌ಐಆರ್‌ಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಓದುವಾಗ ಸ್ಥಳ ಮತ್ತು ಹೊತ್ತು ಬದಲಾಗುತ್ತ ಕಥೆ ಮಾತ್ರ ಬದಲಾಗದಿರುವುದನ್ನು ಕಂಡು ನಾನು ಬಹಳ ಹೊತ್ತು ಮಾತನಾಡಲಿಲ್ಲ.

ಕುಟುಂಬದ ಹೇಳಿಕೆ ಬರೆದುಕೊಳ್ಳುವುದು ಮುಂದಿನ ಹಂತ. ಆ ಚಳಿಗಾಲದಲ್ಲಿ ಹೆದ್ದಾರಿ ತಡೆ ನಡೆಯುತ್ತಿದ್ದುದರಿಂದ ಪೆಟ್ರೋಲು ದುಬಾರಿಯಾಗಿ, ಬಾಡಿಗೆ ಗಾಡಿ ಸಿಗುವುದೇ ಕಷ್ಟವಾಗಿತ್ತು. ನಮ್ಮ ಜೊತೆಗಿದ್ದ ಸ್ಥಳೀಯ ಯುವತಿ ಸತ್ತ ಯುವಕನ ತಾಯಿಯನ್ನು ‘ಇಮಾ’, ಅಂದರೆ ಅಮ್ಮ ಎಂದು ಕರೆದು, ನನ್ನ ಪ್ರಶ್ನೆಗಳನ್ನು ಮೈತೈ ಭಾಷೆಯಲ್ಲಿ ಕೇಳಿ ಉತ್ತರ ಹೇಳುತ್ತಿದ್ದಳು. ನಾನೂ ಇಮಾ ಎಂದೇ ಕರೆದೆ. ಮಗ ಎಷ್ಟು ಹೊತ್ತಿಗೆ ಹೊರಟ, ಯಾವ ಅಂಗಿ ಹಾಕಿದ್ದ, ಎಡಗೈಯವನೋ ಬಲಗೈಯವನೋ, ಅಂದು ಫೋನ್ ಯಾರ ಬಳಿ ಇತ್ತು ಎಂದು ಒಂದೊಂದಾಗಿ ಕೇಳಬೇಕಿತ್ತು. ಎಡಗೈಯವನ ಬಲಗೈಯಲ್ಲಿ ಪಿಸ್ತೂಲು ಸಿಕ್ಕಿತು ಎಂದು ದಾಖಲೆ ಹೇಳಿದರೆ ನ್ಯಾಯಾಲಯದಲ್ಲಿ ಅದೊಂದೇ ಸಾಕಾಗಬಹುದು. ಆದರೆ ಇಷ್ಟು ವರ್ಷಗಳ ನಂತರ ಒಬ್ಬ ತಾಯಿಯನ್ನು ಹೀಗೆ ಕೇಳುವುದು ಕ್ರೂರವೇ. ಅದು ಗೊತ್ತಿದ್ದೂ ಕೇಳಿದೆವು. ಕೇಳುವ ಮೊದಲು ಪ್ರತಿ ಪ್ರಶ್ನೆಯನ್ನು ಯಾಕೆ ಕೇಳುತ್ತಿದ್ದೇವೆ ಎಂದು ಹೇಳಿದೆವು. ಇಮಾ ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ‘ಇದನ್ನೆಲ್ಲ ಕೇಳಬೇಕಾದವರು ಆಗಲೇ ಬಂದು ಕೇಳಲಿಲ್ಲ’ ಎಂದಷ್ಟೇ ಅಂದರು.

ಅವರ ಕಬ್ಬಿಣದ ಟ್ರಂಕಿನಲ್ಲಿ ನಮಗೆ ಅತ್ಯಂತ ಉಪಯುಕ್ತವಾದ ಒಂದು ಕಾಗದ ಸಿಕ್ಕಿತು. ಮಣಿಪುರದಲ್ಲಿ ಹೀಗೆ ಸಾವು ಸಂಭವಿಸಿದಾಗ ಊರವರು ಕೂಡಲೇ ಜಾಯಿಂಟ್ ಆ್ಯಕ್ಷನ್ ಕಮಿಟಿ, ಅಂದರೆ ಜೆಎಸಿ ರಚಿಸುತ್ತಾರೆ. ಮುಂಚೂಣಿಯಲ್ಲಿ ಮೈರಾ ಪೈಬಿ, ಅಂದರೆ ಪಂಜು ಹಿಡಿದು ಊರು ಕಾಯುವ ಸಂಘಗಳ ಮಹಿಳೆಯರು ನಿಲ್ಲುತ್ತಾರೆ. ಬೇಡಿಕೆಗೆ ಸರ್ಕಾರ ಒಪ್ಪುವ ತನಕ ಎಷ್ಟೋ ಸಲ ಶವವನ್ನು ಶವಾಗಾರದಿಂದ ಪಡೆಯುವುದೇ ಇಲ್ಲ. ಈ ಪ್ರಕರಣದ ಜೆಎಸಿ, ಘಟನೆಯ ಮರುದಿನವೇ ಠಾಣೆಗೂ ಜಿಲ್ಲಾಡಳಿತಕ್ಕೂ ಮನವಿ ಬರೆದು, ನೋಡಿದವರ ಮಾತುಗಳನ್ನು ಅದರಲ್ಲಿ ಸೇರಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿತ್ತು. ಕಾನೂನು ಓದದ ಮಹಿಳೆಯರು ದುಃಖದ ನಡುವೆಯೂ ಆ ಮುದ್ರೆ ಕೇಳಿ ಹಾಕಿಸಿಕೊಂಡದ್ದರಿಂದಲೇ, ‘ಆಗ ಯಾರೂ ದೂರು ಕೊಟ್ಟಿರಲಿಲ್ಲ, ಈಗ ಕಥೆ ಕಟ್ಟುತ್ತಿದ್ದಾರೆ’ ಎಂಬ ವಾದಕ್ಕೆ ನಮ್ಮ ಬಳಿ ಉತ್ತರವಿತ್ತು.

ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿ ಪಡೆಯಲು ಹೆಚ್ಚು ಅಲೆಯಬೇಕಾಯಿತು. ಆಸ್ಪತ್ರೆಯವರು ಠಾಣೆಗೆ ಕಳುಹಿಸಿದರು, ಠಾಣೆಯವರು ಮೇಲಿನ ಕಚೇರಿಗೆ. ಕೊನೆಗೆ ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಮಸುಕಾದ ಒಂದು ಜೆರಾಕ್ಸ್ ಬಂತು. ಇಂಥ ವರದಿಯಲ್ಲಿ ನಾವು ಮೊದಲು ನೋಡುವುದು ಗುಂಡು ಒಳಹೊಕ್ಕ ಗಾಯದ ಸುತ್ತಲಿನ ಚರ್ಮವನ್ನು. ಹತ್ತಿರದಿಂದ ಹೊಡೆದ ಗುಂಡು ಗಾಯದ ಸುತ್ತ ಮಸಿಯನ್ನೂ, ಸುಡದೆ ಉಳಿದ ಮದ್ದಿನ ಚುಕ್ಕೆಗಳನ್ನೂ ಬಿಡುತ್ತದೆ. ದೂರದಿಂದ ಬಂದ ಗುಂಡಿನಲ್ಲಿ ಅವು ಇರುವುದಿಲ್ಲ. ಗದ್ದೆಯ ಬಯಲಿನಲ್ಲಿ ಓಡುತ್ತ ಗುಂಡು ಹಾರಿಸುತ್ತಿದ್ದವನಿಗೆ ದೂರದಿಂದ ತಗುಲಿತು ಎನ್ನುವ ಎಫ್‌ಐಆರ್‌ಗೂ ಮಸಿ ಕಟ್ಟಿದ ಗಾಯಕ್ಕೂ ಹೊಂದಾಣಿಕೆ ಆಗುವುದಿಲ್ಲ. ಗುಂಡೇಟಲ್ಲದೆ ತರಚು, ಬಾಸುಂಡೆ, ಕಟ್ಟಿದ ಗುರುತು ಇವೆಯೇ, ಗುಂಡಿನ ದಿಕ್ಕು ಮೇಲಿನಿಂದ ಕೆಳಕ್ಕೋ ಹಿಂದಿನಿಂದ ಮುಂದಕ್ಕೋ, ಬಟ್ಟೆಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿದ್ದಾರೋ, ಸತ್ತವನ ಕೈಯಲ್ಲಿ ಮದ್ದಿನ ಕಣಗಳಿವೆಯೇ ಎಂದು ಪರೀಕ್ಷಿಸಿದ್ದಾರೋ ಎಂಬುದೂ ಅಷ್ಟೇ ಮುಖ್ಯ. ನಮ್ಮ ಕಡತದಲ್ಲಿ ಗಾಯಗಳ ಸಂಖ್ಯೆ ಇತ್ತು, ದಿಕ್ಕು ಇತ್ತು. ಮಸಿಯ ಬಗ್ಗೆ ಇದೆ ಎಂದಾಗಲಿ ಇಲ್ಲ ಎಂದಾಗಲಿ ಒಂದು ಮಾತೂ ಇರಲಿಲ್ಲ. ಬಟ್ಟೆ ಎಲ್ಲಿಗೆ ಹೋಯಿತು ಎಂಬುದಕ್ಕೂ ದಾಖಲೆಯಿರಲಿಲ್ಲ.

ಅಂತರರಾಷ್ಟ್ರೀಯ ಕಾನೂನು ಈ ಕಡತದೊಳಗೆ ಪ್ರವೇಶಿಸುವುದು ಇಲ್ಲಿಯೇ. ದೂರದ ಜಿನೀವಾದಲ್ಲಿ ಯಾರೋ ಮಾಡುವ ಭಾಷಣ ಎಂದು ಅದನ್ನು ಭಾವಿಸುವವರಿದ್ದಾರೆ. ನನಗೆ ಅದು ಕಂಡದ್ದು ಬಟ್ಟೆಯನ್ನು ಮೊಹರು ಮಾಡಿ ಇಡಬೇಕು ಎಂಬ ಸೂಚನೆಯ ರೂಪದಲ್ಲಿ. ಕಾನೂನುಬಾಹಿರ ಸಾವಿನ ತನಿಖೆ ಹೇಗಿರಬೇಕು ಎಂದು ಹೇಳುವ ವಿಶ್ವಸಂಸ್ಥೆಯ ಮಿನೆಸೋಟ ಪ್ರೊಟೊಕಾಲ್ 1991ರಲ್ಲಿ ಬಂದು 2016ರಲ್ಲಿ ಪರಿಷ್ಕಾರಗೊಂಡಿತು. ತನಿಖೆ ತಡವಿಲ್ಲದೆ ಶುರುವಾಗಬೇಕು, ಪೂರ್ಣವಾಗಿರಬೇಕು, ಗುಂಡು ಹಾರಿಸಿದವರ ಅಂಕೆಯಲ್ಲಿ ಇಲ್ಲದವರು ನಡೆಸಬೇಕು, ಕುಟುಂಬಕ್ಕೆ ತಿಳಿಯುವಂತೆ ನಡೆಯಬೇಕು ಎನ್ನುತ್ತದೆ. ಸ್ಥಳವನ್ನೂ ಶವವನ್ನೂ ಹೇಗೆ ಪರೀಕ್ಷಿಸಬೇಕು ಎಂಬುದನ್ನೂ ವಿವರವಾಗಿ ಹೇಳುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮ ಕಡತದಲ್ಲಿ ಇರಬೇಕಾಗಿದ್ದೂ ಇಲ್ಲದ ಕಾಗದಗಳ ಪಟ್ಟಿ ಮಾಡಿದೆವು. ಆ ಪಟ್ಟಿಯೇ ನಮ್ಮ ಮುಖ್ಯ ಪುರಾವೆಯಾಯಿತು. ಯಾರು ಕೊಂದರು ಎಂದು ನಾವು ಸಾಬೀತು ಮಾಡಲಾರೆವು. ಯಾರೂ ತನಿಖೆ ಮಾಡಲಿಲ್ಲ ಎಂಬುದನ್ನು ಸಾಬೀತು ಮಾಡಬಲ್ಲೆವು. ಜೀವದ ಹಕ್ಕಿನ ಕಾನೂನಿನಲ್ಲಿ ತನಿಖೆ ಮಾಡದಿರುವುದೂ ಪ್ರತ್ಯೇಕವಾದ ಉಲ್ಲಂಘನೆ.

ಯಾವ ಕಾನೂನು ಅನ್ವಯಿಸುತ್ತದೆ ಎಂಬ ಪ್ರಶ್ನೆಯನ್ನು ಗುಂಪಿನಲ್ಲಿ ಹಲವು ಸಂಜೆ ಚರ್ಚಿಸಿದೆವು. ಯುದ್ಧದ ಕಾನೂನಿನಡಿ ಶಸ್ತ್ರಧಾರಿ ಎದುರಾಳಿಯ ಮೇಲೆ, ಅವನು ಶರಣಾಗದಿದ್ದಲ್ಲಿ, ಗುಂಡು ಹಾರಿಸಬಹುದು. ನಾಗರಿಕನ ಮೇಲೆ ಹಾರಿಸುವಂತಿಲ್ಲ. ಶಾಂತಿಕಾಲದ ಮಾನವ ಹಕ್ಕು ಕಾನೂನು ಇನ್ನೂ ಕಟ್ಟುನಿಟ್ಟು: ಎದುರಿಗಿರುವವನು ಯಾರೇ ಆಗಿರಲಿ, ಇನ್ನೊಂದು ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಪ್ರಾಣ ತೆಗೆಯುವ ಬಲವನ್ನು ಬಳಸಬಹುದು. ಭಾರತವು 1950ರಲ್ಲೇ ಜಿನೀವಾ ಒಪ್ಪಂದಗಳನ್ನು ಅಂಗೀಕರಿಸಿದೆ. ಆಂತರಿಕ ಸಂಘರ್ಷಕ್ಕೆ ಸಂಬಂಧಿಸಿದ 1977ರ ಪೂರಕ ಒಪ್ಪಂದವನ್ನು ಒಪ್ಪಿಲ್ಲ. ಈಶಾನ್ಯದಲ್ಲಿ ನಡೆಯುತ್ತಿರುವುದು ಸಶಸ್ತ್ರ ಸಂಘರ್ಷ ಎಂದೂ ಒಪ್ಪುವುದಿಲ್ಲ. 2016ರ ತೀರ್ಪು ಸಹ ಮಣಿಪುರದ ಸ್ಥಿತಿ ಯುದ್ಧವಲ್ಲ, ಆಂತರಿಕ ಕ್ಷೋಭೆ ಎಂದೇ ಹೇಳಿತು. ಹಾಗಾದರೆ ಅನ್ವಯಿಸಬೇಕಾದದ್ದು ಹೆಚ್ಚು ಕಟ್ಟುನಿಟ್ಟಾದ ಕಾನೂನು. ಯುದ್ಧವಿಲ್ಲ ಎನ್ನುತ್ತ ಯುದ್ಧಕಾಲದ ಸಡಿಲಿಕೆಯನ್ನು ಬಳಸಿಕೊಳ್ಳಲು ಯಾವ ಸರ್ಕಾರಕ್ಕೂ ಅವಕಾಶವಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಸತ್ತವನು ಸಾಮಾನ್ಯ ಮನುಷ್ಯನೋ ಉಗ್ರನೋ, ಕೊಂದವನು ಸಾಮಾನ್ಯನೋ ಪ್ರಭುತ್ವವೋ, ಕಾನೂನು ಇಬ್ಬರಿಗೂ ಒಂದೇ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಇಮಾಗೆ ಅದನ್ನು ಓದಿ ಹೇಳಿದಾಗ ಅವರು ಮತ್ತೊಮ್ಮೆ ಓದಿಸಿದರು.

ಸೈನಿಕರ ಕಡೆಯ ಮಾತನ್ನೂ ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಾವು ಹೋಗುವುದಕ್ಕೆ ಹಿಂದಿನ ವರ್ಷ, 2015ರ ಜೂನ್ 4ರಂದು, ಚಂದೇಲ್ ಜಿಲ್ಲೆಯಲ್ಲಿ ಹೊಂಚುಹಾಕಿ ನಡೆಸಿದ ದಾಳಿಯಲ್ಲಿ 18 ಸೈನಿಕರು ಸತ್ತಿದ್ದರು. 2018ರಲ್ಲಿ ಮುನ್ನೂರಕ್ಕೂ ಹೆಚ್ಚು ಸೇನಾ ಸಿಬ್ಬಂದಿ, ಕ್ಷಣಾರ್ಧದಲ್ಲಿ ತೆಗೆದುಕೊಂಡ ನಿರ್ಧಾರಗಳಿಗಾಗಿ ತಮ್ಮ ಮೇಲೆ ಮೊಕದ್ದಮೆ ಹೂಡಿದರೆ ಪಡೆಗಳ ಸ್ಥೈರ್ಯ ಕುಗ್ಗುತ್ತದೆ ಎಂದು ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರಿನಲ್ಲಿ ಅರ್ಜಿ ವಜಾ ಆಯಿತು. ಅವರ ಭಯ ಸುಳ್ಳಲ್ಲ. ಆದರೆ ಹೊಂಚುದಾಳಿಯ ಮಧ್ಯೆ ಸಿಕ್ಕಿಕೊಂಡ ಸೈನಿಕನನ್ನೂ, ಮನೆಯಿಂದ ಹೊರಟವನನ್ನು ಹಿಡಿದು ಕೊಂದವನನ್ನೂ ಬೇರ್ಪಡಿಸಬಲ್ಲದ್ದು ಸ್ವತಂತ್ರ ತನಿಖೆಯೊಂದೇ. ತನಿಖೆ ಇಲ್ಲದ ಕಡೆ ಪ್ರಾಮಾಣಿಕ ಸೈನಿಕನ ಮೇಲೂ ಅನುಮಾನದ ನೆರಳು ಉಳಿಯುತ್ತದೆ. ನಮ್ಮದೇ ರಾಜ್ಯದಲ್ಲಿ ವೀರಪ್ಪನ್ ಕಾರ್ಯಾಚರಣೆಯ ಎಸ್‌ಟಿಎಫ್ ಮೇಲಿನ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿ 2003ರಲ್ಲಿ ವರದಿ ಕೊಟ್ಟ ಮೇಲೆ, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ 89 ಸಂತ್ರಸ್ತರಿಗೆ ಪರಿಹಾರ ಘೋಷಿಸಿತು. ಪರಿಹಾರ ಬಂತು, ಯಾರಿಗೂ ಶಿಕ್ಷೆಯಾಗಲಿಲ್ಲ. ಗಡಿಭಾಗದ ಹಳ್ಳಿಗಳವರಿಗೆ ಆ ಅಸಮಾಧಾನ ಇನ್ನೂ ಇದೆ.

ವಿಶ್ವಸಂಸ್ಥೆಗೆ ಬರೆಯೋಣವೇ ಎಂಬ ಪ್ರಶ್ನೆ ಕುಟುಂಬದವರಿಂದಲೇ ಬಂತು. ಭಾರತ 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿದೆ, ಅದರ 6ನೆಯ ವಿಧಿಯ ಜೀವದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ. ಆದರೆ ವ್ಯಕ್ತಿಯೊಬ್ಬ ನೇರವಾಗಿ ದೂರು ಕೊಡಲು ಅವಕಾಶ ಮಾಡುವ ಐಚ್ಛಿಕ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ರೋಮ್ ಶಾಸನದಲ್ಲೂ ಸೇರಿಲ್ಲ. ಉಳಿದಿದ್ದ ಬಾಗಿಲು, ಕಾನೂನುಬಾಹಿರ ಹತ್ಯೆಗಳ ಕುರಿತ ವಿಶೇಷ ವರದಿಗಾರರಿಗೆ ಬರೆಯುವುದು. ಹಿಂದೆ ಆ ಹುದ್ದೆಯಲ್ಲಿದ್ದ ಕ್ರಿಸ್ಟೋಫ್ ಹೈನ್ಸ್ 2012ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದು ಹೋದವರು, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಅಂದರೆ ಆಫ್‌ಸ್ಪಾ ರದ್ದಾಗಬೇಕೆಂದು ಶಿಫಾರಸು ಮಾಡಿದ್ದರು. ಪತ್ರಕ್ಕೆ ಕುಟುಂಬದ ಒಪ್ಪಿಗೆ ಬೇಕು. ವರದಿಗಾರರು ಸರ್ಕಾರಕ್ಕೆ ಪತ್ರ ಬರೆದರೆ ಉತ್ತರಕ್ಕೆ 60 ದಿನ ಕೊಡುತ್ತಾರೆ, ನಂತರ ಪತ್ರ ಮತ್ತು ಉತ್ತರ ಎರಡೂ ಸಾರ್ವಜನಿಕವಾಗುತ್ತವೆ. ಅದು ತೀರ್ಪಲ್ಲ, ಯಾರನ್ನೂ ಜೈಲಿಗೆ ಕಳುಹಿಸುವುದಿಲ್ಲ ಎಂದು ಇಮಾಗೆ ಸ್ಪಷ್ಟವಾಗಿ ಹೇಳಿದೆವು. ಹೆಸರು ಹೊರಬಿದ್ದರೆ ಚಿಕ್ಕ ಮಗನಿಗೆ ತೊಂದರೆಯಾದೀತೇ ಎಂದು ಯೋಚಿಸಿ, ಮನೆಯವರೊಡನೆ ಮಾತನಾಡಿ, ಬೇಡ ಎಂದರು. ಆ ಪತ್ರವನ್ನು ಅಲ್ಲಿಗೇ ಕೈಬಿಟ್ಟೆವು. ಕಡತವನ್ನು ದೆಹಲಿಗೆ ಮಾತ್ರ ಕಳುಹಿಸಿದೆವು.

2017ರ ಜುಲೈ 14ರಂದು ಸುಪ್ರೀಂ ಕೋರ್ಟ್ ಸಿಬಿಐನ ವಿಶೇಷ ತಂಡಕ್ಕೆ ತನಿಖೆ ಒಪ್ಪಿಸಿತು. 1528ರ ಪಟ್ಟಿ ಮಾಹಿತಿಯ ಕೊರತೆಯಿಂದ ಆ ಹೊತ್ತಿಗೆ 655ಕ್ಕೆ ಇಳಿದಿತ್ತು. ತನಿಖೆಗೆ ಹೋದವು ಮುಖ್ಯವಾಗಿ ವಿಚಾರಣಾ ಆಯೋಗ, ನ್ಯಾಯಾಲಯ ಅಥವಾ ಮಾನವ ಹಕ್ಕು ಆಯೋಗ ಈಗಾಗಲೇ ಪರಿಶೀಲಿಸಿದ್ದ ಪ್ರಕರಣಗಳು. ಅಂದರೆ ಹಿಂದೆ ಎಲ್ಲಾದರೂ ಕಾಗದ ಹುಟ್ಟಿದ್ದವರ ಸರದಿ ಮೊದಲು ಬಂತು. ತನಿಖೆ ನಿಧಾನವಾಗಿದೆ ಎಂದು 2018ರ ಜುಲೈನಲ್ಲಿ ಪೀಠ ಸಿಬಿಐ ನಿರ್ದೇಶಕರನ್ನೇ ಕರೆಸಿಕೊಂಡಿತು. ಆ ವರ್ಷದ ಕೊನೆಗೆ ನ್ಯಾಯಮೂರ್ತಿ ಲೋಕೂರ್ ನಿವೃತ್ತರಾದರು. ಮೊದಲಿನ ವೇಗ ಮತ್ತೆ ಬರಲಿಲ್ಲ. ನಮ್ಮ ಕಡತ ಮೊದಲ ಸರದಿಯಲ್ಲಿ ಇರಲಿಲ್ಲ. ಇಮಾಗೆ ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದವಳು ಆ ಯುವತಿ.

ಕಾಗದ ಸರಿಯಾಗಿದ್ದರೆ ಸಾಕು ಎಂದೂ ಹೇಳಲಾರೆ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಓಟಿಂಗ್‌ನಲ್ಲಿ 2021ರ ಡಿಸೆಂಬರ್ 4ರ ಸಂಜೆ, ಕಲ್ಲಿದ್ದಲು ಗಣಿಯಿಂದ ಪಿಕಪ್ ಗಾಡಿಯಲ್ಲಿ ಮನೆಗೆ ಮರಳುತ್ತಿದ್ದವರನ್ನು ಉಗ್ರರೆಂದು ಭಾವಿಸಿ ಸೇನೆಯ ವಿಶೇಷ ಪಡೆ ಗುಂಡು ಹಾರಿಸಿತು. ಆರು ಜನ ಸತ್ತರು, ನಂತರದ ಘರ್ಷಣೆಯಲ್ಲಿ ಇನ್ನಷ್ಟು ಜನ. ಒಟ್ಟು 14 ನಾಗರಿಕರು ಮತ್ತು ಒಬ್ಬ ಸೈನಿಕ. ಅಲ್ಲಿ ಪೊಲೀಸರು ತಾವಾಗಿಯೇ ಭದ್ರತಾ ಪಡೆಯ ವಿರುದ್ಧ ಎಫ್‌ಐಆರ್ ದಾಖಲಿಸಿದರು, ರಾಜ್ಯದ ವಿಶೇಷ ತಂಡ 2022ರಲ್ಲಿ 30 ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಆದರೆ ಆಫ್‌ಸ್ಪಾದ 6ನೆಯ ಕಲಂ ಪ್ರಕಾರ ಕೇಂದ್ರದ ಅನುಮತಿ ಇಲ್ಲದೆ ಮೊಕದ್ದಮೆ ನಡೆಯುವಂತಿಲ್ಲ. 2023ರಲ್ಲಿ ಕೇಂದ್ರ ಅನುಮತಿ ನಿರಾಕರಿಸಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮುಂದೆ ಅನುಮತಿ ಸಿಕ್ಕರೆ ನಡೆಸಬಹುದು ಎಂದು ಹೇಳಿ ಕ್ರಿಮಿನಲ್ ಪ್ರಕ್ರಿಯೆಯನ್ನು ಮುಕ್ತಾಯಗೊಳಿಸಿತು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಈ ಕಲಮೇ. ಸೈನಿಕನಿಗೆ ರಕ್ಷಣೆ ಬೇಕು ನಿಜ, ಆದರೆ ಆರೋಪದಲ್ಲಿ ಹುರುಳಿದೆಯೇ ಎಂಬುದನ್ನು ನ್ಯಾಯಾಧೀಶರು ನೋಡಬೇಕು. ಆ ಪಡೆಯನ್ನು ಕಳುಹಿಸಿದ ಸರ್ಕಾರವೇ ಅದನ್ನು ತೀರ್ಮಾನಿಸುವುದು ಯಾವ ನ್ಯಾಯ? ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 1997ರಲ್ಲೂ, ಮತ್ತೆ 2024ರ ಜುಲೈನಲ್ಲೂ ಭಾರತದ ವರದಿಯನ್ನು ಪರಿಶೀಲಿಸಿದಾಗ ಆಫ್‌ಸ್ಪಾ ಬಗ್ಗೆ ಆತಂಕ ವ್ಯಕ್ತಪಡಿಸಿತು.

ಈಗಲೂ ನಮ್ಮ ಗುಂಪಿಗೆ ಆಗಾಗ ಕರೆ ಬರುತ್ತದೆ. ಮೊದಲು ಹೇಳುವುದು, ಶವಪರೀಕ್ಷೆಯ ವಿಷಯ: 2014ರಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಎನ್‌ಕೌಂಟರ್‌ಗಳಿಗೆ ವಿಧಿಸಿದ ಸೂಚನೆಗಳಂತೆ ಇಬ್ಬರು ವೈದ್ಯರು ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಬೇಕು, ವಿಡಿಯೊ ಚಿತ್ರೀಕರಣ ಆಗಬೇಕು, ಇದನ್ನು ಶವ ಸ್ವೀಕರಿಸುವ ಮೊದಲೇ ಲಿಖಿತವಾಗಿ ಕೇಳಿ. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಹಳೆಯ ಕಾನೂನಿನ 154(3) ಈಗ ನಾಗರಿಕ ಸುರಕ್ಷಾ ಸಂಹಿತೆಯ 173(4) ಆಗಿದೆ, ಅದರ ನಂತರ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಬಟ್ಟೆಯನ್ನು ಮೊಹರು ಮಾಡಿದ್ದಾರೆಯೇ ಎಂದು ಪಂಚನಾಮೆಯಲ್ಲಿ ಓದಿ ನೋಡಿ. ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೂ ಬರೆಯಿರಿ. ತಾನು ಹಲ್ಲಿಲ್ಲದ ಹುಲಿ ಎಂದು ಆಯೋಗವೇ ಸುಪ್ರೀಂ ಕೋರ್ಟಿನಲ್ಲಿ ಹೇಳಿಕೊಂಡಿದೆ, ಸೇನೆಯ ವಿಷಯದಲ್ಲಿ ಕೇಂದ್ರದಿಂದ ವರದಿ ಕೇಳಿ ಶಿಫಾರಸು ಮಾಡುವುದಷ್ಟೇ ಅದಕ್ಕೆ ಸಾಧ್ಯ, ಆದರೂ ಅಲ್ಲಿ ಒಂದು ನಂಬರು ಬೀಳುತ್ತದೆ ಮತ್ತು ಆ ನಂಬರು ಮುಂದೆ ಕೆಲಸಕ್ಕೆ ಬರುತ್ತದೆ. ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ದೂರನ್ನು ವಿಚಾರಿಸುವಂತಿಲ್ಲ. ಆದ್ದರಿಂದ ಆ ಪತ್ರವನ್ನು ಮೊದಲ ವಾರದಲ್ಲೇ ಹಾಕಿ ಎಂದು ಹೇಳುತ್ತೇವೆ.